ಚುಕ್ಕಿ ನಿಂತ ಜಾಗ

ನನ್ನ ಗಂಡ ನನ್ನ ಕೈಗೆ ಮೊಟ್ಟಮೊದಲು ಕೊಟ್ಟ ವಸ್ತು ಅವರ ಪರ್ಸು. ಹೂವಲ್ಲ, ಉಂಗುರವಲ್ಲ, ಅಂಚು ಸವೆದ ಒಂದು ಕಂದು ಪರ್ಸು. ಆಗ ನಾನು ನಗರದ ಈಜುಕೊಳದ ಕೌಂಟರಿನಲ್ಲಿ ಕೂರುತ್ತಿದ್ದೆ. ನೀರಿಗಿಳಿಯುವವರು ಪರ್ಸು, ವಾಚು, ಕನ್ನಡಕ, ಏನಿದ್ದರೂ ಕಿಟಕಿಯಲ್ಲಿ ನನ್ನ ಕೈಗೆ ಕೊಡಬೇಕು; ನಾನು ನಂಬರು ಕೊರೆದ ಹಿತ್ತಾಳೆಯ ಟೋಕನ್ ಕೊಡಬೇಕು. ಅವರು ಅಲ್ಲಿ ಈಜು ಕಲಿಸುವ ಮೇಷ್ಟ್ರು. ಸಿಬ್ಬಂದಿಗೆಂದೇ ಒಳಗೆ ಬೀರು ಇತ್ತು. ಆದರೂ ಈ ಮಹಾನುಭಾವ ದಿನವೂ ಜನರ ಸಾಲಿನಲ್ಲಿ ನಿಂತು, "ಕೌಂಟರಮ್ಮಾ, ಜೋಪಾನ" ಎಂದು ಪರ್ಸು ಕೊಟ್ಟು, ಟೋಕನ್ ಇಸಿದುಕೊಂಡು, ಅದನ್ನು ಚಡ್ಡಿಯ ಅಂಚಿಗೆ ಸಿಕ್ಕಿಸಿಕೊಂಡು ಹೋಗುವರು. ಬೇರೆಯವರಾಗಿದ್ದರೆ ಪ್ರೇಮಪತ್ರ ಬರೆಯುತ್ತಿದ್ದರೇನೋ. ಇವರಿಗೆ ಅದೆಲ್ಲ ಬರುತ್ತಿರಲಿಲ್ಲ.

ಮದುವೆಯಾಯಿತು, ಮಗಳು ಹುಟ್ಟಿದಳು, ಅವಳೂ ಅದೇ ಕೊಳದಲ್ಲಿ ಈಜು ಕಲಿತಳು. ಕೊಳದ ಗೋಡೆ ಬಿರುಕು ಬಿಟ್ಟು ಅದನ್ನು ಮುಚ್ಚುವ ತನಕ ಆ ಪರ್ಸು ದಿನವೂ ನನ್ನ ಕೈ ಸೇರುತ್ತಲೇ ಇತ್ತು. ಕಲಿಯಲು ಬಂದವರಿಗೆ ಅವರು ಮೊದಲು ಹೇಳಿಕೊಡುತ್ತಿದ್ದದ್ದು ಕೈಕಾಲು ಬಡಿಯುವುದನ್ನಲ್ಲ. "ನೀರಿಗೆ ಇಳಿಯೋ ಮುಂಚೆ ಜೇಬು ಖಾಲಿ ಮಾಡ್ಬೇಕು. ಜೇಬಲ್ಲಿ ಏನಾದ್ರೂ ಇದ್ರೆ ಮನಸ್ಸು ಅಲ್ಲೇ ಇರುತ್ತೆ, ಕೈಕಾಲು ಆಡಲ್ಲ" ಎನ್ನುವರು. ಮನೆಯಲ್ಲಿ ಸ್ನಾನಕ್ಕೆ ಹೊರಟರೂ ಅಷ್ಟೇ, ಮೊದಲು ಪರ್ಸು ನನ್ನ ಕೈಗೆ. "ಬಚ್ಚಲಲ್ಲಿ ಮುಳುಗಿ ಹೋಗ್ತೀರೇನೋ, ಟೋಕನ್ ಕೊಡ್ಲಾ?" ಎಂದು ನಾನು ರೇಗಿಸುತ್ತಿದ್ದೆ. ನಮ್ಮ ಮನೆಯಲ್ಲಿ ಇದು ಎಷ್ಟು ಹಳೆಯ ತಮಾಷೆಯೆಂದರೆ ನಾವೆಲ್ಲ ಅದಕ್ಕೆ ನಗುವುದನ್ನೇ ಬಿಟ್ಟಿದ್ದೆವು.

ಆಮೇಲೆ ಮರೆವು ಶುರುವಾಯಿತು. ಮೊದಮೊದಲು ಒಲೆಯ ಮೇಲಿಟ್ಟ ಹಾಲು, ಪಕ್ಕದ ಮನೆಯವರ ಹೆಸರು. ಆಮೇಲೆ ನಮ್ಮ ಬೀದಿ. ಒಂದು ದಿನ ಎರಡು ಬಡಾವಣೆ ಆಚೆಯ ಕ್ಷೌರದಂಗಡಿಯಿಂದ ಫೋನು ಬಂತು. ಬೆಳಿಗ್ಗೆಯಷ್ಟೇ ನಮ್ಮ ಬೀದಿಯಲ್ಲಿ ಕೂದಲು ಕತ್ತರಿಸಿಕೊಂಡಿದ್ದ ಮನುಷ್ಯ ಅಲ್ಲಿ ಹೋಗಿ ಮತ್ತೆ ಕೂದಲು ಕತ್ತರಿಸಲು ಕೂತಿದ್ದರು. "ಕತ್ತರಿಸೋಕೆ ಏನಾದ್ರೂ ಬಿಟ್ಟಿರ್ಬೇಕಲ್ಲಮ್ಮಾ" ಎಂದ ಆ ಕ್ಷೌರಿಕ. ಪರ್ಸಿನಲ್ಲಿದ್ದ ಚೀಟಿಯ ನಂಬರು ನೋಡಿ ಕರೆ ಮಾಡಿದ್ದನಂತೆ. ಕರೆದುಕೊಂಡು ಬರಲು ಹೋದಾಗ ಅವನ ಎದುರಿಗೆ ನಕ್ಕೆ. ಮನೆಗೆ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಬೀಗ ಹಾಕಿ ನೋಡಿದ್ದೂ ಆಯಿತು. ಅವತ್ತು ಅವರು ಕೂಗಾಡಲಿಲ್ಲ, ಜಗಳವಾಡಲಿಲ್ಲ. ಒಳಗಿನಿಂದಲೇ ಬಾಗಿಲನ್ನು ಮೆಲ್ಲಗೆ ತಟ್ಟುತ್ತಾ, "ಯಾರಾದ್ರೂ ಇದ್ದೀರಾ? ಸ್ವಲ್ಪ ತೆಗೀತೀರಾ?" ಎಂದು ಅಪರಿಚಿತರನ್ನು ಕೇಳುವಂತೆ ಕೇಳುತ್ತಾ ನಿಂತರು. ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಬೀಗ ತೆಗೆದೆ. ಇನ್ನು ತಲೆಯ ಮೇಲೆ ತಲೆ ಬಿದ್ದರೂ ಆ ಬಾಗಿಲಿಗೆ ಬೀಗ ಹಾಕುವುದಿಲ್ಲವೆಂದು ಮಗಳಿಗೆ ಹೇಳಿದೆ. ಉದ್ಯಾನದ ಕೆರೆಯ ಹತ್ತಿರ ಒಂದು ಕಲ್ಲುಬೆಂಚು ಇತ್ತು, ದಿನವೂ ಅಲ್ಲಿ ಹೋಗಿ ನೀರು ನೋಡುತ್ತಾ ಕೂರುವುದೇ ಅವರಿಗೆ ಉಳಿದಿದ್ದ ಸುಖ. ಅದನ್ನೂ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

"ಹಾಗಾದ್ರೆ ಟ್ರ್ಯಾಕರ್ ಹಾಕೋಣ. ಅಪ್ಪ ಎಲ್ಲಿ ಹೋದ್ರೂ ಫೋನಲ್ಲಿ ಕಾಣುತ್ತೆ" ಎಂದಳು ಮಗಳು.

ಎಲ್ಲಿ ಹಾಕುವುದು? ಫೋನು ಕೊಟ್ಟರೆ ಫ್ರಿಜ್ಜಿನಲ್ಲಿಡುತ್ತಿದ್ದರು. ವಾಚು ಕಟ್ಟಿದರೆ ಬಿಚ್ಚುತ್ತಿದ್ದರು. ಚಪ್ಪಲಿ, ಬೂಟು ಒಂದೊಂದು ದಿನ ಒಂದೊಂದು ಮನೆಯವರದು. ಬಿಡದೆ ಜೊತೆಗಿಟ್ಟುಕೊಳ್ಳುತ್ತಿದ್ದದ್ದು ಪರ್ಸೊಂದೇ. ಮಗಳು ಬಿಲ್ಲೆಯಂಥ ಒಂದು ಟ್ರ್ಯಾಕರ್ ತಂದು ಅದರೊಳಗೆ ಸೇರಿಸಿದಳು. ಒಂದು ಗಂಟೆಯೂ ಕಳೆದಿರಲಿಲ್ಲ, ಅದು ಊಟದ ಮೇಜಿನ ಮೇಲಿತ್ತು. "ಯಾರದೋ ಸಾಮಾನು ನನ್ನ ಪರ್ಸಿಗೆ ಸೇರ್ಕೊಂಡಿದೆ. ಪಾಪ, ಹುಡುಕ್ತಾ ಇರ್ತಾರೆ. ಕೌಂಟರಲ್ಲಿ ಇಟ್ಟಿರು" ಎಂದರು ನನಗೆ. ಹೆಂಡತಿಯನ್ನು ಅರ್ಧ ಮರೆತರೂ ಪರರ ಸೊತ್ತು ಮುಟ್ಟಬಾರದೆನ್ನುವುದನ್ನು ಮರೆತಿರಲಿಲ್ಲ. ಮೂರು ಸಲ ಇಟ್ಟೆವು, ಮೂರು ಸಲವೂ ಪತ್ತೆ ಮಾಡಿದರು.

ಆದ್ದರಿಂದ ಕೈಗೆ ಗೊತ್ತೇ ಆಗದಷ್ಟು ತೆಳ್ಳಗಿನದು ಬೇಕಾಯಿತು. ಈ ವಿಷಯದಲ್ಲಿ ನನ್ನ ಮಗಳನ್ನು ಮೀರಿಸುವವರಿಲ್ಲ. ಅವಳ ಕೆಲಸ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ. ಮೇಣದಲ್ಲಿ ಒಸಡು ತಿದ್ದುವುದು, ಅಚ್ಚು ತೆಗೆಯುವುದು, ಉಜ್ಜಿ ಉಜ್ಜಿ ನುಣುಪು ಮಾಡುವುದು. ಒಂದು ಕಾಗದದಷ್ಟು ದಪ್ಪ ಹೆಚ್ಚಾದರೂ ನಾಲಿಗೆ ಅಲ್ಲೇ ಹೋಗಿ ತಡಕುತ್ತದೆ, ಆಮೇಲೆ ಆ ಮನುಷ್ಯನಿಗೆ ಊಟವಿಲ್ಲ ನಿದ್ದೆಯಿಲ್ಲ ಎನ್ನುತ್ತಾಳೆ. ಮದುವೆಯ ಮಾತೆತ್ತಿದರೆ, "ಊರವರ ಬಾಯಿ ಸರಿಮಾಡೋದ್ರಲ್ಲೇ ಸಾಕಾಗಿದೆ, ಇನ್ನು ಮನೆಗೊಂದು ಬಾಯಿ ಬೇರೆ ಬೇಕಾ?" ಎನ್ನುವ ಮಾತಿನಮಲ್ಲಿ. ದಪ್ಪ ಅಳೆಯುವ ಪುಟ್ಟ ಉಕ್ಕಿನ ಚಿಮಟವನ್ನು ಕೈಚೀಲದಲ್ಲಿ ಹಾಕಿಕೊಂಡೇ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದಳು.

ಅಂಗಡಿಯವನು ಬಾಯಿಗೆ ಬಿಡುವು ಕೊಡದ ಆಸಾಮಿ. ಗಾಜಿನ ಮೇಜಿನ ಮೇಲೆ ಕಾರ್ಡುಗಳನ್ನು ಇಸ್ಪೀಟು ಹರಡಿದಂತೆ ಹರಡಿದ. "ಇದು ಒಂದೇ ಕಂಪನಿ ಫೋನಿಗೆ ಮಾತ್ರ ಮೇಡಂ, ನಿಮ್ಮದಕ್ಕೆ ಆಗಲ್ಲ. ಇದು ಎಲ್ಲಾ ಫೋನಿಗೂ ಆಗುತ್ತೆ, ಆದ್ರೆ ಸದ್ದು ಕಮ್ಮಿ. ಇದು ಕೂಗಿದ್ರೆ ಪಕ್ಕದ ಬೀದಿಗೆ ಕೇಳುತ್ತೆ, ಆದ್ರೆ ದಪ್ಪ." ಮಗಳು ಒಂದೊಂದನ್ನೂ ಚಿಮಟದ ಬಾಯಿಗೆ ಕೊಟ್ಟು ಅಳೆದಳು, ಮೂಗು ಮುರಿದು ಪಕ್ಕಕ್ಕಿಟ್ಟಳು. ಅಂಗಡಿಯವನು ನನ್ನ ಮುಖ ನೋಡಿದ. ನಾನೇನು ಮಾಡಲಿ, ಹೆತ್ತವಳು.

ಕೊನೆಗೆ ಎರಡು ಉಳಿದವು. ಒಂದು ಪೂರ್ತಿ ಮುಚ್ಚಿದ್ದು, ನೀರಿನಲ್ಲಿ ಮುಳುಗಿಸಿಟ್ಟರೂ ಏನೂ ಆಗುವುದಿಲ್ಲವಂತೆ. ಆದರೆ ಚಾರ್ಜು ಮಾಡುವ ಹಾಗಿಲ್ಲ. "ಎರಡು ವರ್ಷ ಬರುತ್ತೆ ಅಮ್ಮಾ, ಆಮೇಲೆ ಬಿಸಾಕೋದು" ಎಂದ. ಡಾಕ್ಟರೂ ಹೆಚ್ಚುಕಡಿಮೆ ಅಷ್ಟೇ ಹೇಳಿದ್ದರು, ಅಷ್ಟರೊಳಗೆ ನಿಮ್ಮನ್ನೂ ಗುರುತು ಹಿಡಿಯಲಾರರು ಎಂದು. ಇನ್ನೊಂದು ಕಾರ್ಡು, ಎರಡು ಬ್ಯಾಂಕ್ ಕಾರ್ಡು ಜೋಡಿಸಿದಷ್ಟು ತೆಳ್ಳಗೆ. ಕೆಲವು ತಿಂಗಳಿಗೊಮ್ಮೆ ಹೊರಗೆ ತೆಗೆದು ಒಂದು ಮಣೆಯ ಮೇಲಿಟ್ಟರೆ ಚಾರ್ಜಾಗುತ್ತದೆ. ಆದರೆ ನೀರಿಗೆ ಬಿದ್ದರೆ ಕಷ್ಟ, ಹನಿ ಸಿಡಿದರೆ ಮಾತ್ರ ತಡೆಯುತ್ತದೆ.

"ಇದು ಎಷ್ಟು ವರ್ಷ ಬರುತ್ತೆ?" ಎಂದು ಕೇಳಿದಳು ಮಗಳು.

"ಚಾರ್ಜ್ ಮಾಡ್ತಾ ಇರಿ ಮೇಡಂ, ಅದು ಬರ್ತಾನೇ ಇರುತ್ತೆ."

ಬರ್ತಾನೇ ಇರುತ್ತೆ ಎನ್ನುವುದನ್ನು ಕೇಳಿ ಅವಳ ಮುಖ ಅರಳಿತು. ಅದನ್ನೇ ಕೈಗೆತ್ತಿಕೊಂಡಳು.

"ಒಂದು ಸಲ ಯೋಚನೆ ಮಾಡಿ. ಯಜಮಾನ್ರು ನೀರಿನ ಕಡೆ ಹೋಗೋದುಂಟಾ?" ಎಂದ ಅಂಗಡಿಯವನು.

ಮಗಳು ಜೋರಾಗಿ ನಕ್ಕಳು. "ನಮ್ಮಪ್ಪ ಈಜು ಮೇಷ್ಟ್ರು ರೀ. ಪರ್ಸು ತೆಗೆದು ಕೊಡದೆ ನೀರಿಗೆ ಕಾಲಿಡೋ ಮನುಷ್ಯನೇ ಅಲ್ಲ. ಅವರು ಇಳಿದ್ರೂ ಈ ಕಾರ್ಡು ದಡದಲ್ಲೇ ಇರುತ್ತೆ, ಒಂದು ಹನೀನೂ ಬೀಳಲ್ಲ. ಅಲ್ವೇನಮ್ಮಾ?"

"ಅದಂತೂ ನಿಜ" ಎಂದೆ ನಾನು. ಅಂಗಡಿಯವನೂ ನಕ್ಕ. ತೆಳ್ಳಗಿನ ಕಾರ್ಡನ್ನು ತೆಗೆದುಕೊಂಡು ಬಂದೆವು.

ಮೊದಲ ದಿನ ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಅವರು ಪರ್ಸನ್ನು ಕೈಗೆ ತೆಗೆದುಕೊಂಡರು, ಹೆಬ್ಬೆರಳಿನಿಂದ ಒಮ್ಮೆ ಸವರಿದರು, ಜೇಬಿಗೆ ಹಾಕಿಕೊಂಡರು. ಗೊತ್ತಾಗಲಿಲ್ಲ! ಮಗಳು ಅಡುಗೆಮನೆಗೆ ಓಡಿಬಂದು ನನ್ನನ್ನು ಅಪ್ಪಿಕೊಂಡಳು.

ಆಮೇಲಿನ ದಿನಗಳು ಸುಖವಾಗಿದ್ದವೆಂದೇ ಹೇಳಬೇಕು. ಅವರು ಊಟ ಮಾಡಿ ಕೆರೆಗೆ ಹೊರಡುವರು. ಮಗಳ ಫೋನಿನಲ್ಲಿ ಒಂದು ನೀಲಿ ಚುಕ್ಕಿ ನಮ್ಮ ಬೀದಿಯಿಂದ ಹೊರಟು, ಔಷಧಿ ಅಂಗಡಿ ದಾಟಿ, ಉದ್ಯಾನದೊಳಗೆ ಹೋಗಿ ನಿಲ್ಲುವುದು. ಅವಳು ಲ್ಯಾಬಿನಿಂದ ಫೋನು ಮಾಡಿ, "ಚುಕ್ಕಿ ಕೂತ್ಕೊಂಡಿತು" ಎನ್ನುವಳು. ಚುಕ್ಕಿ ಓಡಾಡಿದರೆ ನಮಗೆ ಗಾಬರಿ, ನಿಂತರೆ ನೆಮ್ಮದಿ. ಹೊತ್ತು ಇಳಿಯುವಾಗ ನಾನು ಹೋಗಿ ಕರೆದುಕೊಂಡು ಬರುತ್ತಿದ್ದೆ. ಕೆಲವು ದಿನ ಅವರು ನನ್ನನ್ನು ನೋಡಿ, "ಕೌಂಟರ್ ಮುಚ್ಚಿದ್ಯಾ?" ಎಂದು ಕೇಳುವರು. "ಮುಚ್ಚಿದೆ, ನಡೀರಿ" ಎನ್ನುತ್ತಿದ್ದೆ.

ಆ ದಿನವೂ ಮಗಳು ಫೋನು ಮಾಡಿ ಚುಕ್ಕಿ ಕೂತಿತು ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ, "ಇವತ್ತು ಎಷ್ಟು ಒಳ್ಳೆ ಹುಡುಗ ನೋಡಮ್ಮಾ, ಒಂದಿಂಚೂ ಅಲ್ಲಾಡಿಲ್ಲ. ನೀನೂ ಸ್ವಲ್ಪ ಮಲಗು" ಎಂದಳು. ಎಷ್ಟೋ ತಿಂಗಳಿಂದ ಹಗಲು ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿದ್ದಿಲ್ಲ. ಅವತ್ತು ಮಲಗಿದೆ. ಗಾಢವಾದ ನಿದ್ದೆ ಬಂತು. ಆ ನಿದ್ದೆಯ ಮೇಲೆ ನನಗೆ ಇವತ್ತಿಗೂ ಅಸಹ್ಯ.

ಕೆರೆಗೆ ಹೋದಾಗ ಬೆಂಚು ಖಾಲಿಯಿತ್ತು.

ಮಗಳಿಗೆ ಫೋನು ಮಾಡಿದೆ. "ಅಲ್ಲೇ ಇದ್ದಾರಲ್ಲಮ್ಮಾ! ಸರಿಯಾಗಿ ನೋಡು, ಮರದ ಹಿಂದೆ ಎಲ್ಲಾದ್ರೂ ಕೂತಿರ್ತಾರೆ" ಎಂದಳು. ಮರದ ಹಿಂದೆ ನೋಡಿದೆ, ಕುಡಿಯುವ ನೀರಿನ ನಲ್ಲಿಯ ಹತ್ತಿರ ನೋಡಿದೆ, ಗಂಡಸರ ಶೌಚಾಲಯದ ಬಾಗಿಲಲ್ಲಿ ನಿಂತು ಮಾನ ಬಿಟ್ಟು ಕೂಗಿದೆ. ಚುಕ್ಕಿ ಇತ್ತು, ಮನುಷ್ಯ ಇರಲಿಲ್ಲ. ಮಗಳು ಸ್ಕೂಟರಿನಲ್ಲಿ ಬಂದಳು, ಲ್ಯಾಬಿನ ಏಪ್ರನ್ ಕೂಡ ಬಿಚ್ಚಿರಲಿಲ್ಲ, ಬೆರಳುಗಳಿಗೆಲ್ಲ ಬಿಳಿ ಪುಡಿ. "ಹತ್ತಿರ ಬಂದ್ರೆ ಸದ್ದು ಮಾಡಿಸ್ಬಹುದು" ಎಂದು ಫೋನು ಒತ್ತಿದಳು. ಇಬ್ಬರೂ ಕಿವಿ ನಿಮಿರಿಸಿ ನಿಂತೆವು.

ಸಣ್ಣಗೆ ಕೀಂ ಕೀಂ ಎಂದು ಕೇಳಿತು. ಬೆಂಚಿನಿಂದಲ್ಲ, ಮರದ ಹಿಂದಿನಿಂದಲೂ ಅಲ್ಲ. ಬೆಂಚಿನಿಂದ ಹತ್ತು ಹೆಜ್ಜೆ ಆಚೆ, ಕೆರೆಯಲ್ಲಿ ಸುತ್ತುವ ದೋಣಿಗಳ ಟಿಕೆಟ್ ಕೊಡುವ ಕಿಟಕಿಯಿಂದ.

ಕಿಟಕಿಯೊಳಗೆ ಕೂತಿದ್ದವಳು ಡ್ರಾಯರ್ ಎಳೆದು ನೋಡುತ್ತಿದ್ದಳು. ನಮ್ಮನ್ನು ಕಂಡು, "ಈ ಪರ್ಸು ನಿಮ್ಮದಾ? ಏನೋ ಕೂಗ್ತಾ ಇದೆ, ನಂಗೆ ಭಯ ಆಯ್ತು" ಎಂದಳು.

"ಇದು ನಿಮಗೆ ಹೇಗೆ ಸಿಕ್ತು?" ಎಂದಳು ಮಗಳು.

"ಮಧ್ಯಾಹ್ನ ಒಬ್ರು ಅಜ್ಜ ಬಂದ್ರು. 'ಕೌಂಟರಮ್ಮಾ, ಜೋಪಾನ' ಅಂತ ನನ್ನ ಕೈಗೆ ಕೊಟ್ರು. ನನ್ನನ್ನ ಯಾರೂ ಹಂಗೆ ಕರೆದಿಲ್ಲ, ನಂಗೆ ನಗು ಬಂತು. ಕೊಟ್ಟ ಮೇಲೂ ಹೋಗ್ಲಿಲ್ಲ, ಕೈ ಚಾಚ್ಕೊಂಡು ನಿಂತೇ ಇದ್ರು. ಏನೋ ಚೀಟಿ ಬೇಕೇನೋ ಅಂತ ಒಂದು ಹರಿದ ಟಿಕೆಟ್ ಕೊಟ್ಟೆ. ಅದನ್ನ ಇಸ್ಕೊಂಡು ಖುಷಿಯಾಗಿ ಹೋದ್ರು. ವಾಪಸ್ ಬರ್ತಾರೆ ಅಂತ ಜೋಪಾನವಾಗಿ ಎತ್ತಿಟ್ಟಿದೀನಿ. ಯಾಕೆ, ಏನಾಯ್ತು?"

ಆ ಹೆಂಗಸಿನ ಮೇಲೆ ಸಿಟ್ಟು ಮಾಡಲು ನನಗೆ ಕಾರಣವೇ ಇಲ್ಲ. ನಾನು ಆ ಕಿಟಕಿಯಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಮಾಡಿದ್ದೂ ಅದನ್ನೇ, ಅಷ್ಟು ವರ್ಷ. ಆದರೂ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಮಗಳು ಇನ್ನೂ ಏನೋ ಕೇಳುತ್ತಿದ್ದಳು. ನಾನು ನೀರಿನ ಕಡೆ ಓಡಿದೆ. ಮಂಡಿ ನೋವಿನ ಮುದುಕಿ ನಾನು, ಓಡಿದೆ.

ಆಚೆ ದಡದ ಮೆಟ್ಟಿಲ ಮೇಲೆ ಅಂಗಿ, ಪ್ಯಾಂಟು ಮಡಿಸಿಟ್ಟಿದ್ದವು. ಬೂಟಿನೊಳಗೆ ಕಾಲುಚೀಲ, ಕಾಲುಚೀಲದ ಮೇಲೆ ಕನ್ನಡಕ. ಎಲ್ಲ ಕ್ರಮವಾಗಿತ್ತು. ಜೇಬುಗಳನ್ನು ನೋಡಿದೆ, ಖಾಲಿ ಇದ್ದವು.

ಕತ್ತಲಾಗುವ ಮುಂಚೆಯೇ ಅವರನ್ನು ಹೊರಗೆ ತೆಗೆದರು. ತೆಗೆದ ದೋಣಿಯವನು ನಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಲೆ ಚಚ್ಚಿಕೊಂಡ. "ನಾನು ನೋಡಿದೆ ಅಮ್ಮಾ. ಕಣ್ಣಾರೆ ನೋಡಿದೆ. ಎಂಥಾ ಈಜು ಅದು! ನೀರು ಸದ್ದೇ ಆಗ್ತಿರ್ಲಿಲ್ಲ. ಜೊತೆಯವನನ್ನ ಕರೆದು ತೋರಿಸ್ದೆ, ನೋಡೋ, ಈಜು ಅಂದ್ರೆ ಇದು ಅಂತ. ಅಷ್ಟು ಚೆನ್ನಾಗಿ ಈಜೋರನ್ನ ಯಾರಾದ್ರೂ ಕೂಗಿ ಕರೀತಾರಾ, ನೀವೇ ಹೇಳಿ?"

ಯಾರೂ ಕರೆಯುವುದಿಲ್ಲ. ಅವರು ಈಜು ಮರೆತಿರಲಿಲ್ಲ. ಎಲ್ಲಿ ಇಳಿದೆ, ಯಾವ ಕಡೆ ಹತ್ತಬೇಕು, ಸಾಕಾದಾಗ ನಿಲ್ಲಬೇಕು ಎನ್ನುವುದು ಮರೆತಿತ್ತು. ಕೊಳದಲ್ಲಾದರೆ ನಾಲ್ಕು ಗೋಡೆ ಇರುತ್ತಿತ್ತು, ಕೈಗೆ ಗೋಡೆ ತಾಗಿದರೆ ತಿರುಗುತ್ತಿದ್ದರು. ಕೆರೆಯಲ್ಲಿ ಏನು ತಾಗಬೇಕು? ಈಜುತ್ತಾ ಹೋದರು, ಅಷ್ಟೇ. ಚಡ್ಡಿಯ ಅಂಚಿನಲ್ಲಿ, ಟೋಕನ್ ಸಿಕ್ಕಿಸಿಕೊಳ್ಳುತ್ತಿದ್ದ ಜಾಗದಲ್ಲಿ, ಒದ್ದೆ ಕಾಗದದ ಒಂದು ಮುದ್ದೆ ಇತ್ತು. ಅದನ್ನು ಯಾರೋ ಒರೆಸಿ ಎಸೆದರು.

ಸತ್ತವರಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಬಂದವರು ಬಂದರು, ಹೋದವರು ಹೋದರು. "ನೀರಲ್ಲೇ ಬದುಕಿದವರು, ನೀರಲ್ಲೇ ಹೋದ್ರು, ಪುಣ್ಯವಂತರು" ಎಂದಳು ದೂರದ ಸಂಬಂಧಿಯೊಬ್ಬಳು. ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ನೀರಿನಲ್ಲಿ ಅವರಿಗೆ ದಡ ಸಿಗದೆ ಎಷ್ಟು ಹೊತ್ತು ಹುಡುಕಿದರೋ, ಯಾರನ್ನು ಕರೆದರೋ ಎಂದು ಯೋಚಿಸಿ ಯೋಚಿಸಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಈಗಲೂ ಹಿಡಿದಿದೆ. ಊಟ ಮಾಡುತ್ತೇನೆ, ಪಾತ್ರೆ ತೊಳೆಯುತ್ತೇನೆ, ಬಟ್ಟೆ ಒಣಹಾಕುತ್ತೇನೆ.

ಆದರೆ ನನ್ನ ದೊಡ್ಡ ಭಯ ಬೇರೆಯಿತ್ತು. ಅಂಗಡಿಯಲ್ಲಿ ಮಗಳು ಆಡಿದ ಮಾತು. ಅದು ನನಗೆ ಆ ಟಿಕೆಟ್ ಕಿಟಕಿಯ ಮುಂದೆಯೇ ನೆನಪಾಗಿತ್ತು, ಅವಳ ನಗು ಸಮೇತ. ಅವಳಿಗೆ ಇನ್ನೂ ನೆನಪಾಗಿರಲಿಲ್ಲ. ನೆನಪಾಗದಿರಲಿ, ಈ ಮನೆಯಲ್ಲಿ ಅಷ್ಟೊಂದು ಮರೆವು ಕೊಟ್ಟ ದೇವರು ಇವಳಿಗೂ ಇದೊಂದನ್ನು ಮರೆಸಲಿ ಎಂದು ಬೇಡಿಕೊಳ್ಳುತ್ತಿದ್ದೆ. ಪರ್ಸನ್ನು ಬೀರುವಿನ ಮೇಲೆ, ಅವಳ ಕಣ್ಣಿಗೆ ಬೀಳದ ಹಾಗೆ ಇಟ್ಟೆ. ಪ್ರಯೋಜನವಾಗಲಿಲ್ಲ. ಅವಳ ಫೋನಿನಲ್ಲಿ ಚುಕ್ಕಿ ನಮ್ಮ ಮನೆಯ ಮೇಲೆಯೇ ಕೂತಿರುತ್ತಿತ್ತು, ಅಪ್ಪ ಮನೆಯಲ್ಲಿದ್ದಾರೆ ಎನ್ನುವ ಹಾಗೆ. ಅವಳು ಊಟದ ನಡುವೆ ಅದನ್ನು ತೆಗೆದು ನೋಡುವುದನ್ನು ನಾನು ನೋಡಿದ್ದೇನೆ.

ತಿಂಗಳುಗಳಾದ ಮೇಲೆ ಒಂದು ಸಂಜೆ ಅವಳ ಫೋನು ಗುಯ್ ಎಂದಿತು. ಕಾರ್ಡಿನ ಚಾರ್ಜು ಕಡಿಮೆಯಾಗಿದೆಯಂತೆ. ಅವಳು ಕುರ್ಚಿ ಹಾಕಿಕೊಂಡು ಹತ್ತಿ ಪರ್ಸು ಇಳಿಸಿದಳು, ಕಾರ್ಡು ತೆಗೆದು ಮಣೆಯ ಮೇಲಿಟ್ಟಳು. ಒಂದು ಪುಟ್ಟ ದೀಪ ಹೊತ್ತಿಕೊಂಡಿತು. ಅದನ್ನು ನೋಡುತ್ತಾ ನಿಂತವಳು ಹಾಗೆಯೇ ನಿಂತುಬಿಟ್ಟಳು.

"ಅಮ್ಮಾ."

"ಏನೇ?"

"ಅವತ್ತು ಅಂಗಡೀಲಿ... ನೀರಿನ ಕಡೆ ಹೋಗ್ತಾರಾ ಅಂತ ಅವನು ಕೇಳಿದ್ನಲ್ಲ. ಆಗ ನಾನು ಏನಂದೆ?"

"ಯಾವ ಅಂಗಡಿ?" ಎಂದೆ.

"ಕಾರ್ಡ್ ತಗೊಂಡ ಅಂಗಡಿ ಅಮ್ಮಾ. ನಾವಿಬ್ರೂ ಹೋಗಿದ್ವಲ್ಲ. ನಾನು ನಕ್ಕೆ. ಅಲ್ವೇನಮ್ಮಾ ಅಂತ ನಿನ್ನನ್ನ ಕೇಳ್ದೆ."

"ನಾನೆಲ್ಲಿ ಬಂದಿದ್ದೆ? ನೀನೊಬ್ಳೇ ಹೋಗಿದ್ಯಲ್ಲ."

"ಅಮ್ಮಾ, ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ!"

"ಇಲ್ಲ ಕಣೇ. ನಂಗೆ ಅಂಥದ್ದೇನೂ ನೆನಪಿಲ್ಲ" ಎಂದೆ. ಜಪ್ಪಯ್ಯ ಅಂದರೂ ಒಪ್ಪಿಕೊಳ್ಳಬಾರದೆಂದು ಗಟ್ಟಿ ಮಾಡಿಕೊಂಡಿದ್ದೆ. ನನ್ನ ಬಾಯಿಂದ ಸಾಕ್ಷಿ ಸಿಗದಿದ್ದರೆ ಆ ಮಾತು ಆಡಿದೆನೋ ಇಲ್ಲವೋ ಎಂದು ಅವಳಿಗೂ ಅನುಮಾನ ಬರಲಿ, ಅಷ್ಟಾದರೂ ಅವಳ ಎದೆ ಹಗುರವಾಗಲಿ ಎಂಬ ಆಸೆ ನನ್ನದು.

ಅವಳು ನನ್ನ ಮುಖವನ್ನೇ ನೋಡಿದಳು. ಅಳು ಬಂದಿದ್ದ ಕಣ್ಣುಗಳಲ್ಲಿ ಅಳು ನಿಂತಿತು. ಬೇರೇನೋ ಬಂತು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಕ್ಷೌರದಂಗಡಿಯಿಂದ ಫೋನು ಬಂದ ದಿನ ಅವಳು ಅವರಪ್ಪನನ್ನು ನೋಡಿದ್ದು ಹಾಗೆಯೇ.

"ಹೋಗ್ಲಿ ಬಿಡಮ್ಮ" ಎಂದಳು ಮೆಲ್ಲಗೆ, ಮಗುವಿಗೆ ಹೇಳುವಂತೆ. "ಬಾ, ಕೂತ್ಕೋ. ಊಟ ಆಯ್ತಾ ನಿಂದು?"

ಜೊತೆಯಲ್ಲೇ ಊಟ ಮಾಡಿ ಎದ್ದಿದ್ದೆವು. ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. "ನೆನಪಿಲ್ಲ" ಎಂದುಬಿಟ್ಟೆ.

ಮರುದಿನ ತರಕಾರಿಗೆಂದು ಹೊರಟೆ. ದಾರಿಯಲ್ಲಿ ಚಿಲ್ಲರೆಗೆ ನನ್ನ ಪರ್ಸು ತೆರೆದಾಗ ಬೆರಳಿಗೆ ಗೊತ್ತಾಯಿತು. ಕೌಂಟರಿನಲ್ಲಿ ಕೂತು ಸಾವಿರಾರು ಜನರ ಪರ್ಸು ಹಿಡಿದ ಕೈ ನನ್ನದು. ಒಳಪದರದಲ್ಲಿ, ಹಳೆಯ ಫೋಟೋದ ಹಿಂದೆ, ಎರಡು ಬ್ಯಾಂಕ್ ಕಾರ್ಡು ಜೋಡಿಸಿದಷ್ಟು ದಪ್ಪದ ಆ ಕಾರ್ಡು ಇತ್ತು. ಅದನ್ನು ತೆಗೆಯಲಿಲ್ಲ. ಮೊದಲಿದ್ದ ಹಾಗೆಯೇ ಮುಚ್ಚಿ ಚೀಲಕ್ಕೆ ಹಾಕಿದೆ.

ತರಕಾರಿ ಚೀಲ ಭಾರವಿತ್ತು, ಮಂಡಿ ಸಿಡಿಯುತ್ತಿತ್ತು. ಉದ್ಯಾನದ ಗೋಡೆಯ ಪಕ್ಕ, ನಾನು ಯಾವಾಗಲೂ ಎರಡು ನಿಮಿಷ ಕೂರುವ ಕಟ್ಟೆ ಬಂತು. ಲ್ಯಾಬಿನಲ್ಲಿ ಅವಳು ಕೈಯಲ್ಲಿದ್ದ ಹಲ್ಲಿನ ಸೆಟ್ಟು ಕೆಳಗಿಟ್ಟು ಫೋನು ನೋಡುತ್ತಿರುತ್ತಾಳೆಂದು ನನಗೆ ಗೊತ್ತಿತ್ತು. ಕೆರೆಯ ಹತ್ತಿರ ಚುಕ್ಕಿ ನಿಂತರೆ ಆ ಹುಡುಗಿಯ ಜೀವ ಬಾಯಿಗೆ ಬರುತ್ತದೆ. ಕಟ್ಟೆಯ ಮೇಲೆ ಕೂರದೆ ಮನೆಯ ಕಡೆ ನಡೆದೆ.